ದೆವ್ವದ ಮೇಷ್ಟ್ರ ಮಗಳು

ಪ್ರೊಫೆಸರ್ ಮಹಾಲಿಂಗಯ್ಯನವರು ಯೂನಿವರ್ಸಿಟಿಯಲ್ಲಿ ಕಲಿಸುತ್ತಿದ್ದದ್ದು ಪರಾಮನೋವಿಜ್ಞಾನ. ಹೋದ ಜನ್ಮ ನೆನಪಿದೆ ಎನ್ನುವ ಮಕ್ಕಳನ್ನು ಹುಡುಕಿಕೊಂಡು ಊರೂರು ತಿರುಗುವ ಕೆಲಸ. ಜನ ಬಿಟ್ಟಾರೆಯೇ? ದೆವ್ವದ ಮೇಷ್ಟ್ರು ಎಂದು ಹೆಸರಿಟ್ಟರು.

ಅವರ ಒಬ್ಬಳೇ ಮಗಳು ಹೊಳೆಪಾಲಾದಳು.

"ಊರ ಮಕ್ಕಳ ಹಳೇ ಜನ್ಮ ಹುಡುಕ್ತೀರಲ್ಲ, ನನ್ನ ಕೂಸು ಎಲ್ಲಿ ಹುಟ್ಟಿದೆ ಹೇಳಿ" ಎಂದರು ಹೆಂಡತಿ ಚನ್ನಾಜಮ್ಮ. ಮರುದಿನವೇ ತವರಿಗೆ ಹೊರಟುಹೋದರು.

ಆಮೇಲೆ ಊರು ಕಟ್ಟಿದ ಕಥೆ ಒಂದೆರಡಲ್ಲ. ವಿಭಾಗದ ಪಾಪದ ಟೈಪಿಸ್ಟ್ ಹೆಂಗಸಿಗೂ ಮೇಷ್ಟ್ರಿಗೂ ಸಂಬಂಧ ಕಟ್ಟಿದರು. ಕೊನೆಗೆ ವಿಭಾಗಕ್ಕೇ ಬೀಗ ಬಿತ್ತು.

ಮೇಷ್ಟ್ರು ಹೊಳೆದಂಡೆಯ ಮಠ ಸೇರಿದರು. ಜೊತೆಗೆ ಉಳಿದವನು ಶಿಷ್ಯ ವೃಷಭೇಂದ್ರ ಒಬ್ಬನೇ.

ವರ್ಷಗಳು ಕಳೆದವು. ಒಂದು ಬೆಳಿಗ್ಗೆ ಅವನು ಏದುಸಿರು ಬಿಡುತ್ತಾ ಬಂದ.

"ಸಾರ್, ಸಿಕ್ಕಳು! ಆಚೆ ದಡದ ಊರಿನ ಮಗು. ನೀರಲ್ಲಿ ಸತ್ತೆ ಅನ್ನುತ್ತೆ. ಅಪ್ಪ ಮೇಷ್ಟ್ರು ಅನ್ನುತ್ತೆ. ಅಜ್ಜಿ ಜೊತೆ ಮೆಟ್ಟಿಲ ಮೇಲೆ ಕೂತಿದೆ, ನೋಡಿ."

ಮೇಷ್ಟ್ರು ಆ ಕಡೆ ನೋಡಲಿಲ್ಲ. ಕೈ ಮಾತ್ರ ಕಂಬ ಹಿಡಿಯಿತು.

"ಹೆಸರು?"

"ಗುಬ್ಬಿ, ಸಾರ್."

ಮಗಳಿಗೆ ಮನೆಯಲ್ಲಿದ್ದ ಮುದ್ದಿನ ಹೆಸರು ಅದು.

"ತಾನಾಗಿ ಹೇಳಿತೋ, ನೀನು ಕೇಳಿದೆಯೋ?"

ಶಿಷ್ಯ ನೆಲ ನೋಡಿದ.

"ನಿನ್ನನ್ನ ಗುಬ್ಬಿ ಅಂತ ಕರೀತಿದ್ರಾ ಅಂದೆ. ಹೂಂ ಅಂತ ತಲೆ ಆಡಿಸ್ತು."

"ನೀರು? ಮೇಷ್ಟ್ರು?"

"ಅದೂ... ಹಾಗೇ ಕೇಳಿದ್ದು ಸಾರ್."

"ನಿನಗೆ ನಾನು ಮೊಟ್ಟಮೊದಲು ಕಲಿಸಿದ್ದೇನಯ್ಯಾ?"

"ಉತ್ತರ ಗೊತ್ತಿರೋನು ಪ್ರಶ್ನೆ ಕೇಳಬಾರದು ಅಂತ."

ಮೇಷ್ಟ್ರು ಒಳಗೆ ಹೋಗಿ ಪುರಿ, ಬೆಲ್ಲ ತಂದರು. ಮಗುವಿನ ಲಂಗದ ಮಡಿಲು ತುಂಬಿಸಿದರು. ತಲೆ ಸವರಲು ಹೋದ ಕೈ ಅರ್ಧಕ್ಕೇ ನಿಂತಿತು.

"ತಾಯೀ, ಇದು ನಿಮ್ಮ ಮಗು. ನೀರಿನ ಹತ್ತಿರ ಬಿಡಬೇಡಿ" ಎಂದು ಅಜ್ಜಿಗೆ ಹೇಳಿ ಕಳಿಸಿಕೊಟ್ಟರು.

ಹರಿಗೋಲು ಆಚೆ ದಡ ಮುಟ್ಟುವವರೆಗೂ ನಿಂತೇ ಇದ್ದರು.

ಶಿಷ್ಯನಿಗೆ ಅಳು ತಡೆಯಲಾಗಲಿಲ್ಲ. "ನಂಬಿದ್ರೆ ಯಾರ ಗಂಟೇನು ಹೋಗ್ತಿತ್ತು ಸಾರ್? ಸುದ್ದಿ ತಿಳಿದು ಅಮ್ಮನೋರೂ ವಾಪಸ್ ಬರ್ತಿದ್ರು. ಒಂದು ಮಗು ಹೂಂ ಅಂದದ್ದು ನಿಮಗೆ ಸಾಲದಾ?"

ಮೇಷ್ಟ್ರು ಹೊಳೆಯಿಂದ ಕಣ್ಣು ತೆಗೆಯಲಿಲ್ಲ.

"ಅವಳು ನಿಮ್ಮ ಮಗಳಾ ಅಂತ ನನ್ನನ್ನೂ ಕೇಳಿ ನೋಡಯ್ಯಾ. ನಾನೂ ತಲೆ ಆಡಿಸ್ತೀನಿ."