ಬೊಂಬೆಗೆ ಭಾವನಾದ ವರ್ತಕ

“ಗುರುಗಳೇ, ತಮಾಷೆಗೆ ಆಡಿದ ಮಾತಿಗೂ ಮನುಷ್ಯ ಕಟ್ಟುಬೀಳಬೇಕೇ?” ಎಂದು ಶಿಷ್ಯ ಮುರಿಗೆಪ್ಪ ಕೇಳಿದ.

“ಎಲ್ಲೋ ನಾಲಿಗೆ ಜಾರಿಸಿಕೊಂಡು ಬಂದಿದ್ದೀಯ ಅಂತ ಕಾಣುತ್ತದೆ,” ಎಂದು ಗುರುಗಳು ನಕ್ಕರು. “ಇರಲಿ, ಕೂತುಕೋ. ಒಬ್ಬ ವರ್ತಕನ ಕತೆ ಹೇಳುತ್ತೇನೆ.”

ಒಂದು ಪಟ್ಟಣದಲ್ಲಿ ಒಬ್ಬ ವರ್ತಕನಿದ್ದ. ವ್ಯಾಪಾರ ಹೊಟ್ಟೆಪಾಡಿಗೆ, ಅವನ ಜೀವವೆಲ್ಲ ಹಳೆಯ ವಸ್ತುಗಳ ಮೇಲೆ. ಘಟ್ಟದ ಮಳೆಕಾಡಿನೊಳಗೆ ಒಂದು ಜನವಿತ್ತು. ಬಂಡೆಗಳ ಮೇಲಿಂದ ಹಗ್ಗದಲ್ಲಿ ಇಳಿದು ಹೆಜ್ಜೇನು ಕೀಳುವುದು ಅವರ ಕಸುಬು. ವರ್ತಕ ಅವರಲ್ಲಿಗೆ ಹೋಗಿ ಬೆತ್ತದ ಬುಟ್ಟಿ, ಮಳೆಗೆ ಹೊದೆಯುವ ಎಲೆಯ ಗೊರಬು, ತೊಗಲಿನ ಡೋಲು ಎಲ್ಲ ಕೇಳಿ ತಂದು ಒಂದು ಮ್ಯೂಸಿಯಂ ಕಟ್ಟಿಸಿದ. ಹಜಾರದ ನಡುವೆ ಗಾರೆಯಿಂದ ಎತ್ತರದ ಬಂಡೆ ಎಬ್ಬಿಸಿದ. ತುದಿಯಲ್ಲೊಂದು ಕಬ್ಬಿಣದ ಕೊಕ್ಕೆ, ಕೊಕ್ಕೆಯಿಂದ ಅವರಲ್ಲಿಂದಲೇ ತಂದ ಹಳೆಯ ಬಳ್ಳಿಯ ಹಗ್ಗ, ಹಗ್ಗದಲ್ಲಿ ಜೇನು ಕೀಳುವ ಮಣ್ಣಿನ ಬೊಂಬೆ. ಅಬ್ಬಾ, ಏನು ಬೊಂಬೆ ಅದು! ಕತ್ತಿನ ನರ ಕೂಡ ಕಾಣುತ್ತಿತ್ತು.

ನಾಳೆ ಮ್ಯೂಸಿಯಂ ತೆರೆಯಬೇಕು, ಊರಿನ ದೊಡ್ಡವರೆಲ್ಲ ಬರುತ್ತಾರೆ. ಅದಕ್ಕೂ ಮೊದಲು ಕಾಡಿನವರೇ ನೋಡಲಿ ಎಂದು ವರ್ತಕ ಅವರಿಗೆ ಬಸ್ಸು ಕಳುಹಿಸಿ ಕರೆಸಿಕೊಂಡ. ಅವರು ಬಂದರು, ನೋಡಿದರು, ತಮ್ಮ ಡೋಲಿನ ಮುಂದೆ ನಿಂತು ಕೈಮುಗಿದರು. ವರ್ತಕನಿಗೆ ಹಿಗ್ಗೋ ಹಿಗ್ಗು.

ಅವರಲ್ಲಿ ಒಬ್ಬ ಮುದುಕ ಬಂಡೆಯ ಎದುರು ಬಂದವನು ತಲೆಯೆತ್ತಿ ನೋಡಿ ಬೆಚ್ಚಿಬಿದ್ದ.

“ಇವನ ಹೆಂಡತಿಯ ಅಣ್ಣ ಎಲ್ಲಿ?” ಎಂದು ಕೇಳಿದ.

ವರ್ತಕನಿಗೆ ತಲೆಬುಡ ತಿಳಿಯಲಿಲ್ಲ. ಅಷ್ಟರಲ್ಲಿ ಮುದುಕ ಬಂಡೆಯ ಹಿಂದಿನ ಮೆಟ್ಟಿಲನ್ನು ಏದುಸಿರು ಬಿಡುತ್ತಾ ಹತ್ತಿ, ತುದಿಯಲ್ಲಿ ಕೂತು, ಎರಡೂ ಕೈಯಿಂದ ಹಗ್ಗ ಹಿಡಿದುಬಿಟ್ಟಿದ್ದ. ವರ್ತಕನೂ ಹಿಂದೆಯೇ ಓಡಿದ.

“ನಮ್ಮಲ್ಲಿ ಹಗ್ಗ ಹಿಡಿಯುವವನು ಇಳಿದವನ ಹೆಂಡತಿಯ ಒಡಹುಟ್ಟು,” ಎಂದ ಮುದುಕ. “ತಂಗಿಯನ್ನು ವಿಧವೆ ಮಾಡಲು ಯಾವ ಅಣ್ಣನ ಕೈಯೂ ಒಪ್ಪುವುದಿಲ್ಲ. ನೀನು ಇವನನ್ನು ಹೀಗೆ ಒಂಟಿಯಾಗಿ ಇಳಿಸಿದ್ದೀಯಲ್ಲ!”

“ಕೊಕ್ಕೆ ಹಿಡಿದಿದೆ ತಾತ. ಗಟ್ಟಿ ಕೊಕ್ಕೆ.”

“ಕೊಕ್ಕೆಗೆ ತಂಗಿ ಇದ್ದಾಳೆಯೇ?”

ಅದು ಮಣ್ಣು ಎಂದು ಮುದುಕನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಇಳಿಬಿಟ್ಟ ಹಗ್ಗ ಕಂಡ ಮೇಲೆ ಕೈ ಕಟ್ಟಿಕೊಂಡು ನಿಲ್ಲುವುದು ಅವನ ಜನಕ್ಕೆ ಬಾರದು. ಹೊರಗೆ ಬಸ್ಸಿನವನು ಹಾರನ್ ಮೇಲೆ ಹಾರನ್ ಹೊಡೆಯುತ್ತಿದ್ದ. ಮುದುಕ ಅಲುಗಾಡಲಿಲ್ಲ.

ಹೇಗಾದರೂ ಸಾಗಹಾಕಿದರೆ ಸಾಕು ಎನ್ನಿಸಿತು ವರ್ತಕನಿಗೆ. “ಕೊಡಿ ತಾತ, ನಾನೇ ಹಿಡಿಯುತ್ತೇನೆ. ನನಗೂ ಒಬ್ಬಳು ತಂಗಿ ಇದ್ದಾಳೆ,” ಎಂದ.

“ಹಾಗಾದರೆ ಇವನು ನಿನ್ನ ತಂಗಿಯ ಗಂಡ. ಹಿಡಿದೆಯಾ?”

ವರ್ತಕ ನಗು ತಡೆದುಕೊಂಡು, “ಹಿಡಿದೆ,” ಎಂದ.

ಮುದುಕ ಬಗ್ಗಿ ಬೊಂಬೆಯತ್ತ ಕೂಗಿದ: “ಹೆದರಬೇಡಪ್ಪಾ, ನಿನ್ನ ಭಾವ ಬಂದಿದ್ದಾನೆ!” ಆಮೇಲೆ ಹಗ್ಗದಿಂದ ಕೈ ತೆಗೆದು, ನಿರಾಳವಾಗಿ ಮೆಟ್ಟಿಲಿಳಿದು ಹೋದ. ಒಂದು ಸಲವೂ ತಿರುಗಿ ನೋಡಲಿಲ್ಲ.

ಬಸ್ಸು ಹೊರಟ ಸದ್ದು ಕೇಳಿತು. ಇನ್ನು ಬಿಟ್ಟರಾಯಿತು ಎಂದುಕೊಂಡ ವರ್ತಕ. ಆದರೆ ಕೈ ಬಿಚ್ಚಲಿಲ್ಲ. ಕೆಳಗೆ ನೋಡಿದ. ಇಷ್ಟು ದಿನ ಆ ಬೊಂಬೆಯನ್ನು ಜನ ನೋಡುವ ಹಾಗೆ ಕೆಳಗಿನಿಂದ ನೋಡಿದ್ದನೇ ಹೊರತು ಮೇಲಿನಿಂದ ನೋಡಿರಲಿಲ್ಲ. ಮೇಲಿನಿಂದ ಕಂಡದ್ದು ಒಂದು ನೆತ್ತಿ, ಎರಡು ಹೆಗಲು, ಅದರ ಕೆಳಗೆ ಆಳ. ಈ ಬಳ್ಳಿಯ ತುದಿಯಲ್ಲಿ ಎಷ್ಟು ಅಣ್ಣಂದಿರು ಕೂತಿದ್ದರೋ, ಎಷ್ಟು ಹೆಣ್ಣುಮಕ್ಕಳ ಬಾಳು ಈ ಮುಷ್ಟಿಯಲ್ಲಿತ್ತೋ! ತಾನು ತಂದದ್ದು ಬರೀ ಹಗ್ಗ ಎಂದುಕೊಂಡಿದ್ದ. ದೇವರೇ, ಇದನ್ನು ಹಿಡಿದು ನಾನು ನಕ್ಕೆನೇ ಎಂದು ಅವನ ಕಣ್ಣು ತುಂಬಿ ಬಂತು.

ಕೆಳಗೆ ಕೆಲಸದವರು ಕಿಸಕ್ಕನೆ ನಕ್ಕರು. “ಏನು ಸಾಹುಕಾರರೇ, ಮಣ್ಣಿಗೆ ತಂಗಿ ಕೊಟ್ಟಿರಂತೆ?”

“ಬಾಯಿ ಮುಚ್ಚಿ ಮೇಲೆ ಬನ್ನಿ. ಇವನನ್ನು ಎತ್ತಬೇಕು.”

“ಎತ್ತಬೇಕಾದರೆ ಅಡ್ಡ ಬರುವ ಬಂಡೆಯ ಅಂಚು ಒಡೆಯಬೇಕಾಗುತ್ತದೆ. ನಾಳೆ ತೆರೆಯುವುದು ಹೇಗೆ? ದೊಡ್ಡವರ ಮುಂದೆ ಮಾನ ಹೋಗುತ್ತದೆ.”

“ಹೋದರೆ ಹೋಗಲಿ,” ಎಂದ ವರ್ತಕ. “ಮೊದಲು ಮನುಷ್ಯ ಮೇಲೆ ಬರಲಿ.”

ಗಾರೆ ಒಡೆದರು. ಬಣ್ಣ ಉದುರಿತು. ಬೊಂಬೆಯ ಪಾದ ಬಂಡೆಯ ನೆತ್ತಿಗೆ ತಾಗಿದ ಮೇಲೆಯೇ ವರ್ತಕ ಮುಷ್ಟಿ ಬಿಚ್ಚಿದ. ಮರುದಿನ ಬಂದ ದೊಡ್ಡವರು ಮುಚ್ಚಿದ ಬಾಗಿಲು ನೋಡಿ, ಅವನಿಗೆ ತಲೆ ಕೆಟ್ಟಿದೆ ಎಂದು ಆಡಿಕೊಂಡು ಹೋದರು.

ಗುರುಗಳು ಕತೆ ನಿಲ್ಲಿಸಿದರು. ಮುರಿಗೆಪ್ಪನಿಗೆ ಸಮಾಧಾನವಾಗಲಿಲ್ಲ.

“ಅದು ಮಣ್ಣಿನ ಬೊಂಬೆ. ಕೊಕ್ಕೆಯೂ ಭದ್ರವಾಗಿತ್ತು. ಅವನು ಕೈ ಬಿಟ್ಟಿದ್ದರೆ ಬೀಳುತ್ತಿದ್ದವರು ಯಾರು ಗುರುಗಳೇ?”

“‘ಹಿಡಿದೆ’ ಎಂದವನು,” ಎಂದರು ಗುರುಗಳು.