ಕೆಸರುಗತ್ತಿ ಹೊಂಡ

ಕರಿಮಳಲಿ ಗುಡ್ಡದ ಬುಡದಲ್ಲಿ, ಬಂಡೆಗಳ ನಡುವೆ, ನಾಲ್ಕು ಎತ್ತಿನಗಾಡಿ ನಿಲ್ಲಿಸುವಷ್ಟು ಅಗಲದ ಒಂದು ಹೊಂಡವಿದೆ. ಅದರ ಹೆಸರು ಕೆಸರುಗತ್ತಿ ಹೊಂಡ. ಹೆಸರು ಕೇಳಿದ ಕೂಡಲೇ ಬಂದವರ ಕಣ್ಣು ನೀರಿನ ತಳಕ್ಕೆ ಹೋಗುತ್ತದೆ. ಯಾವನೋ ಅರಸ ಸೋತು ಓಡುವಾಗ ಕತ್ತಿಯನ್ನು ಕೆಸರಿಗೆ ಎಸೆದನೆಂದು ತಾವೇ ಕಥೆ ಕಟ್ಟಿಕೊಳ್ಳುತ್ತಾರೆ. ಹೋದ ವರ್ಷ ಒಬ್ಬ ಮಹಾಶಯ ಲೋಹ ಹುಡುಕುವ ಯಂತ್ರವನ್ನೇ ತಂದು ಮೂರು ದಿನ ಠಿಕಾಣಿ ಹೂಡಿದ. ಸಿಕ್ಕಿದ್ದು ಒಂದು ಎತ್ತಿನ ಲಾಳ! ಅಯ್ಯಾ, ಈ ಕೆಸರಿನಲ್ಲಿ ಯಾವ ಕತ್ತಿಯೂ ಇಲ್ಲ. ಕತ್ತಿಯ ಮೇಲೆ ಈ ಕೆಸರು ಇತ್ತು, ಅಷ್ಟೆ. ನಮ್ಮ ತಾತ ಹೇಳಿದ್ದನ್ನು ನಾನು ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಹಿಂದೆ ಒಮ್ಮೆ ಈ ಸೀಮೆಯನ್ನು ಸರ್ಜಪ್ಪನಾಯಕನೆಂಬ ಪಾಳೆಯಗಾರ ಆಳುತ್ತಿದ್ದನಂತೆ. ಕರಾವಳಿಯಿಂದ ಕುದುರೆ ಮಾರಲು ಬಂದ ವರ್ತಕನೊಬ್ಬ ಅವನಿಗೆ ಒಂದು ಕತ್ತಿಯನ್ನು ಕಾಣಿಕೆ ಕೊಟ್ಟ. ಅದು ಜಪಾನೆಂಬ ದೂರದ ದ್ವೀಪದ್ದು, ಹಡಗಿನಿಂದ ಹಡಗಿಗೆ ದಾಟಿ ಬಂದದ್ದು, ಆಗಲೇ ಇನ್ನೂರು ವರ್ಷ ಹಳೆಯದು. ಅಲ್ಲಿಯ ಕಮ್ಮಾರರು ಹೊಳೆಯ ಕರಿಮರಳನ್ನು ಕರಗಿಸಿ ಉಕ್ಕು ತೆಗೆಯುತ್ತಾರೆ, ಅದನ್ನು ಹೋಳಿಗೆಯ ಹಿಟ್ಟಿನ ಹಾಗೆ ಮಡಚಿ ಮಡಚಿ ಬಡಿಯುತ್ತಾರೆ, ಅಲಗನ್ನು ಉಜ್ಜುವುದಕ್ಕೇ ವಾರಗಟ್ಟಲೆ ಕೂರುತ್ತಾರೆ ಎಂದು ವರ್ತಕ ವರ್ಣಿಸಿದ. ಅಲಗು ಸ್ವಲ್ಪ ಬಾಗಿತ್ತು. ಅದರ ಬಾಯಿಯ, ಅಂದರೆ ಹರಿತವಾದ ಅಂಚಿನ, ಉದ್ದಕ್ಕೂ ಬೆಳ್ಳಗೆ, ಮಂಜಿನಂತೆ, ಒಂದು ಅಲೆಯ ಗೆರೆ ಹರಿದಿತ್ತು. ಆ ಗೆರೆ ಏನು, ಹೇಗೆ ಬಂತು ಎಂಬುದು ಮಾತ್ರ ವರ್ತಕನಿಗೂ ತಿಳಿಯದು.

ನವರಾತ್ರಿ ಹತ್ತಿರವಾದಾಗ ಕೋಟೆಯ ಆಯುಧಗಳೆಲ್ಲ ವಾಡಿಕೆಯಂತೆ ಈ ಹೊಂಡದ ದಂಡೆಯಲ್ಲಿದ್ದ ಮೋನಾಚಾರಿಯ ಕುಲುಮೆಗೆ ಬಂದವು. ಕಲೆ ಹಿಡಿದ ಆಯುಧವನ್ನು ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹೂತು ಆರಿಸಿ, ಉಜ್ಜಿ ಕೊಡುವುದು ಈ ನಾಡಿನ ಪದ್ಧತಿ. ಅವುಗಳ ಜೊತೆಗೆ ಆ ಕತ್ತಿಯೂ ಬಂದಿತ್ತು. ಮೋನಾಚಾರಿ ಸೀಮೆಗೇ ಹೆಸರಾದ ಕೆಲಸಗಾರ. ಪಾಪ, ಅವನು ಬೆಳ್ಳನೆಯ ಗೆರೆಯನ್ನು ನೋಡಿ, ಕಡಲಗಾಳಿಗೆ ಹಿಡಿದ ಕಲೆಯೆಂದುಕೊಂಡ. ಕಾಯಿಸಿದ, ಆರಿಸಿದ, ಉಜ್ಜಿದ. ಗೆರೆ ಹೋಯಿತು. ನಾಯಕ ಕತ್ತಿಯನ್ನು ಒಂದು ಜಾಲಿ ಕೊಂಬೆಗೆ ಬೀಸಿ ನೋಡಿದರೆ, ಕೊಂಬೆಗೆ ಏನೂ ಆಗಲಿಲ್ಲ. ಕತ್ತಿಯ ಬಾಯಿಯೇ ಮಡಚಿಕೊಂಡಿತು.

ನಾಯಕನ ಸಿಟ್ಟು ನೆತ್ತಿಗೇರಿತು. ವಿಜಯದಶಮಿಗೆ ನೆರೆಯ ಪಾಳೆಯಗಾರರೆಲ್ಲ ಬರುವವರಿದ್ದರು. ಅವರ ಮುಂದೆ ಇದೇ ಕತ್ತಿಯಿಂದ ಬಾಳೆಕಂಬ ಕಡಿಯುವುದಾಗಿ ಅವನು ಡಂಗುರ ಹೊಡೆಸಿ ಆಗಿತ್ತು. “ಒಂಬತ್ತು ದಿನ ಕೊಟ್ಟಿದೀನಿ. ಆ ಅಲೆ ಮತ್ತೆ ಬರಬೇಕು. ಬರಲಿಲ್ಲ ಅಂದ್ರೆ ನಿನ್ನ ಬಲಗೈ ಹೆಬ್ಬೆರಳು ನಂದು” ಎಂದ. ಹೆಬ್ಬೆರಳಿಲ್ಲದ ಕಮ್ಮಾರ ಸುತ್ತಿಗೆ ಹಿಡಿಯುವುದು ಹೇಗೆ?

ಮೋನಾಚಾರಿ ತನ್ನದೇ ಹಳೆಯ ಅಲಗುಗಳ ಮೇಲೆ ಪ್ರಯೋಗಕ್ಕೆ ತೊಡಗಿದ. ಕಾಯಿಸಿ ಥಟ್ಟನೆ ನೀರಿಗೆ ಅದ್ದಿದರೆ ಅಲಗು ಗಾಜಿನಂತೆ ಸಿಡಿಯುತ್ತಿತ್ತು. ಮೆಲ್ಲಗೆ ಆರಿಸಿದರೆ ಬಾಯಿ ಮಡಚುತ್ತಿತ್ತು. ಅಳಿಸಿಹೋದ ಅಲೆ ಎರಡು ಹದಗಳ ನಡುವಿನ ಗಡಿಯೆಂದು ಈಗ ಅವನಿಗೆ ಹೊಳೆಯಿತು. ಆದರೆ ಬಾಯಿ ಗಟ್ಟಿಯಾಗಿಯೂ ಬೆನ್ನು ಮೆತ್ತಗೂ ಇರುವಂತೆ ಒಂದೇ ಅಲಗಿಗೆ ಎರಡು ಹದ ಕೊಡುವುದು ಅವನ ಬುದ್ಧಿಗೆ ಎಟುಕಲಿಲ್ಲ. ಆರು ದಿನ ಹೀಗೇ ಕಳೆದವು. ಮನುಷ್ಯ ಅನ್ನ ಬಿಟ್ಟ, ಮಾತು ಬಿಟ್ಟ.

ಏಳನೆಯ ದಿನ ಬೆಳಿಗ್ಗೆ ಅವನ ಹೆಂಡತಿ ಈರಾಜಮ್ಮ ಹೊಂಡದ ದಂಡೆಯಲ್ಲಿ ಪಾತ್ರೆ ಬೆಳಗುತ್ತಿದ್ದಳು. ಸೌದೆ ಒಲೆಗೆ ಇಡುವ ಪಾತ್ರೆಯ ತಳಕ್ಕೆ ಮಸಿ ಹಿಡಿಯದಿರಲೆಂದು ಹೆಂಗಸರು ಮಣ್ಣು ಮೆತ್ತುತ್ತಾರಲ್ಲ, ಆ ಮಣ್ಣನ್ನು ಅವಳು ಉದುರಿಸಿದಳು. ಮಣ್ಣು ದಪ್ಪವಿದ್ದಲ್ಲಿ ತಾಮ್ರ ಫಳಫಳ ಹೊಳೆಯಿತು. ಬೆರಳು ಜಾರಿ ಮಣ್ಣು ತೆಳುವಾದಲ್ಲಿ ಉರಿ ತಾಗಿ ಕಪ್ಪಾಗಿತ್ತು. ಎರಡರ ನಡುವೆ ಅಲೆಯಂಥ ಒಂದು ಗೆರೆ. ಪಕ್ಕದಲ್ಲೇ ಕೂತಿದ್ದ ಮೋನಾಚಾರಿ ಪಾತ್ರೆಯನ್ನು ಕಸಿದುಕೊಂಡು, “ಮಣ್ಣು ಉರಿಯನ್ನ ತಡೀತದಾ?” ಎಂದು ಕೇಳಿದ. ಅವಳು, “ಒಲೆ ಮುಂದೆ ಕೂತವರಿಗೆಲ್ಲ ಗೊತ್ತಿರೋದು, ಬೆಂಕಿ ಜೊತೆಗೇ ಬಾಳೋ ಆಚಾರ್ರಿಗೆ ಗೊತ್ತಿಲ್ಲ ನೋಡ್ರಿ!” ಎಂದು ನಕ್ಕಳಂತೆ.

ಉರಿಯನ್ನು ತಡೆಯುವ ಮಣ್ಣು ನೀರಿನ ತಂಪನ್ನೂ ತಡೆಯಬೇಕಲ್ಲವೇ? ಅವನು ಹೊಂಡದ ಜೇಡಿಮಣ್ಣನ್ನು ಒಂದು ಅಲಗಿನ ಬೆನ್ನಿಗೆ ಮೆತ್ತಿದ. ಬೆಂಕಿಗಿಟ್ಟೊಡನೆ ಅದು ಬಿರಿದು ಉದುರಿತು. “ಬರೀ ಮಣ್ಣು ನಿಲ್ಲಲ್ಲ ಕಣ್ರೀ, ಬೂದಿ ಕಲಸ್ಬೇಕು. ಬಿಡ್ರಿ, ನಿಮ್ಮ ಕೈಯಾಗೆ ಆಗಾಕಿಲ್ಲ” ಎಂದು ಈರಾಜಮ್ಮ ತಾನೇ ಕೂತು, ಜಪಾನಿನ ಕತ್ತಿಯ ಬೆನ್ನಿಗೆ ದಪ್ಪಗೆ ಮೆತ್ತಿ, ಬಾಯಿಯ ಕಡೆಗೆ ಬೆರಳಿನಿಂದ ಸವರಿ ತೆಳು ಮಾಡಿದಳು. ಮಣ್ಣು ಒಣಗಿತು. ಮೋನಾಚಾರಿ ತಿದಿಯೊತ್ತಿ ಬೆಂಕಿ ಎಬ್ಬಿಸಿ, ಕುಲದೇವತೆ ಕಾಳಮ್ಮನನ್ನು ನೆನೆದು, ಕೆಂಪಗಾದ ಕತ್ತಿಯನ್ನು ಹೊಂಡಕ್ಕೆ ಅದ್ದಿದ. ನೀರು ಭುಸುಗುಟ್ಟಿತು, ಮಣ್ಣು ಕಳಚಿತು. ಮಸೆದು ನೋಡಿದರೆ ಬಾಯಿಯುದ್ದಕ್ಕೂ ಬೆಳ್ಳನೆಯ ಅಲೆ!

ವಿಜಯದಶಮಿಯ ದಿನ ನಾಯಕ ಒಂದೇ ಏಟಿಗೆ ಬಾಳೆಕಂಬ ಕಡಿದ. ಅದರೊಳಗೆ ಹುದುಗಿಸಿದ್ದ ಜಾಲಿಗೂಟವೂ ತುಂಡಾಯಿತು. ಜನ ಹೋ ಎಂದರು. ನಾಯಕ ಅಲಗನ್ನು ಬಿಸಿಲಿಗೆ ಹಿಡಿದು ನೋಡಿದವನು ಹುಬ್ಬು ಗಂಟಿಕ್ಕಿದ. “ಇದು ಆ ಅಲೆ ಅಲ್ಲ.” ನಿಜ, ಹಳೆಯದು ಸಣ್ಣ ಸಣ್ಣ ತೆರೆ; ಇದು ಅಗಲವಾದ ಉಬ್ಬುತಗ್ಗು. ಮೋನಾಚಾರಿ ಸುಳ್ಳು ಹೇಳಲಿಲ್ಲ. “ಅಲ್ಲ, ಬುದ್ಧಿ. ಅದನ್ನ ಬಿಡಿಸಿದವನ ಕೈ ನನಗೆಲ್ಲಿಂದ ಬರಬೇಕು? ತಿಳೀದೆ ಅಳಿಸಿಬಿಟ್ಟೆ” ಎಂದು ಬಲಗೈಯನ್ನು ಬಾಳೆಕಂಬದ ಬುಡದ ಅಡಿಗಲ್ಲಿನ ಮೇಲಿಟ್ಟ. ಆಗ ಈರಾಜಮ್ಮ ಗುಂಪನ್ನು ಸೀಳಿಕೊಂಡು ಬಂದು, ಗಂಡನ ಕೈಯನ್ನು ತಳ್ಳಿ ತನ್ನ ಕೈಯನ್ನಿಟ್ಟಳು. “ಈ ಅಲೆ ನನ್ನ ಬೆರಳಿಂದು, ಬುದ್ಧಿ. ತಪ್ಪಾಗಿದ್ರೆ ನಂದನ್ನ ತೆಗೀರಿ.”

ನಾಯಕ ಕತ್ತಿಯನ್ನು ಅವಳ ಕೈಯ ಪಕ್ಕಕ್ಕೆ ತಂದ. ಒಂದೊಂದು ತಗ್ಗಿಗೂ ಅವಳ ಒಂದೊಂದು ಬೆರಳು ಸರಿಯಾಗಿ ಕೂತಿತು. ಅಷ್ಟರಲ್ಲಿ ನೆರೆಯ ಪಾಳೆಯಗಾರನೊಬ್ಬ, “ಎಲ್ಲಿಯ ಕತ್ತಿ ಇದು?” ಎಂದು ಕೇಳಿದ. ಸರ್ಜಪ್ಪನಾಯಕ ಕತ್ತಿಯನ್ನು ಎತ್ತಿ ಎಲ್ಲರಿಗೂ ತೋರಿಸಿದ. ಆಮೇಲೆ, “ಉಕ್ಕು ಜಪಾನಿಂದು. ಅಲೆ ನಮ್ಮೂರ ಹೆಣ್ಣುಮಗಳದು” ಎಂದ. ಅಡಿಗಲ್ಲಿನ ಮೇಲಿದ್ದ ಕೈಯನ್ನು ಎತ್ತಿಕೊಳ್ಳಲು ಸನ್ನೆ ಮಾಡಿದ.

ಆ ಕತ್ತಿ ಮುಂದೆ ಯಾವುದೋ ಯುದ್ಧದಲ್ಲಿ ಕೈತಪ್ಪಿತು ಎನ್ನುತ್ತಾರೆ. ಹೊಂಡದ ದಂಡೆಯ ಬಂಡೆಯಲ್ಲಿ ಮಾತ್ರ ಬಳೆ ತೊಟ್ಟ ಒಂದು ಕೈಯ ಕೆತ್ತನೆ ಇಂದಿಗೂ ಇದೆ. ಬಂದವರು ಅದನ್ನು ಮಾಸ್ತಿಕಲ್ಲೆಂದು ತಿಳಿದು, ಗಂಡನ ಚಿತೆಯೇರಿದ ಯಾವಳೋ ಮಹಾಸತಿಯದೆಂದು ಕುಂಕುಮ ಹಚ್ಚಿ ಕಣ್ಣೊರೆಸಿಕೊಳ್ಳುತ್ತಾರೆ. ನಾನು ಗದರುತ್ತೇನೆ. ಸರಿಯಾಗಿ ನೋಡಿ, ಮಾಸ್ತಿಯ ಕೈ ಮೇಲಕ್ಕೆತ್ತಿರುತ್ತದೆ. ಇದರ ಬೆರಳುಗಳು ಕೆಳಗೆ, ಕೆಸರಿನ ಕಡೆಗೆ ಚಾಚಿವೆ. ಇದನ್ನು ಕೆತ್ತಿದವನು ಅವಳ ಗಂಡ, ಇದೇ ದಂಡೆಯಲ್ಲಿ, ಅವಳನ್ನು ಎದುರಿಗೆ ಕೂರಿಸಿಕೊಂಡು.