ಕಂಬದ ಆಚೆಯ ಮಣೆ

"ಗುರುಗಳೇ, ನನ್ನ ಕಾಲೇಜಿನಲ್ಲಿ ಮಕ್ಕಳು ಓದನ್ನು ಅರ್ಧಕ್ಕೆ ಬಿಟ್ಟು ಹೋಗುತ್ತಿದ್ದಾರೆ. ಏನು ಕೇಳಿದರೆ ಅವರ ಮನಸ್ಸು ತಿಳಿಯುತ್ತದೆ?"

ಕೇಳಿದವನು ಗುರುಗಳ ಹಳೆಯ ಶಿಷ್ಯ, ಈಗ ಒಂದು ಕಾಲೇಜಿನ ಪ್ರಾಂಶುಪಾಲ. ವರ್ಷದ ಕೊನೆಗೆ ವಿದ್ಯಾರ್ಥಿಗಳಿಂದ ಅಭಿಪ್ರಾಯ ಬರೆಸಿಕೊಳ್ಳುವುದು ಅವನ ಕಾಲೇಜಿನ ಪದ್ಧತಿ. ಈ ಸಲಕ್ಕೆಂದು ನಲವತ್ತು ಹೊಸ ಪ್ರಶ್ನೆಗಳನ್ನು ಬರೆದು ತಂದಿದ್ದ. ಗುರುಗಳು ಆ ಹಾಳೆಗಳನ್ನು ಓದದೆ ಮೊಣಕಾಲಿನ ಮೇಲಿಟ್ಟುಕೊಂಡು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಉಪಾಧ್ಯಾಯನಿದ್ದ. ಅವನ ಪಾಠಶಾಲೆಗೆ ತರ್ಕ, ವ್ಯಾಕರಣ ಕಲಿಯಲು ದೂರದೂರದಿಂದ ಬರುತ್ತಿದ್ದರು. ಮೊದಲ ದಿನ ಎಲ್ಲಿ ಮಣೆ ಹಾಕಿಕೊಂಡರೋ ಕೊನೆಯವರೆಗೂ ಅದೇ ಜಾಗ. ವರ್ಷದ ಕೊನೆಗೆ ಪ್ರತಿಯೊಬ್ಬನೂ ತನಗೇನು ಕೊರತೆಯಾಯಿತೆಂದು ಒಂದು ಓಲೆಯಲ್ಲಿ ಬರೆದುಕೊಡಬೇಕು. ಉಪಾಧ್ಯಾಯ ಆ ಓಲೆಗಳನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿ ಅಟ್ಟದ ಮೇಲಿಡುತ್ತಿದ್ದ. ಸರಸ್ವತಿ ಪೂಜೆಯ ದಿನ ಗಂಟುಗಳನ್ನು ಇಳಿಸಿ, ಅರಿಸಿನ ಕುಂಕುಮ ಹಚ್ಚಿ, ಹೂವಿಟ್ಟು, ಮತ್ತೆ ಮೇಲೇರಿಸುತ್ತಿದ್ದ. ಭಕ್ತಿಗೇನೂ ಕಡಿಮೆ ಇರಲಿಲ್ಲ. ಬಿಚ್ಚುತ್ತಿರಲಿಲ್ಲ, ಅಷ್ಟೆ.

ಕಂಬದ ಪಕ್ಕದಲ್ಲಿ ಒಬ್ಬ ವಿದ್ಯಾರ್ಥಿ ಕೂರುತ್ತಿದ್ದ. ಮಾತು ಕಡಿಮೆ. ಕೇಳಿದ ಪಾಠ ಒಪ್ಪಿಸುವಾಗ ತಡವರಿಸುತ್ತಿದ್ದ. ಗ್ರಂಥ ಕೈಗೆ ಕೊಟ್ಟರೆ ಯಾರಿಗೂ ಬಗೆಹರಿಯದ ಶ್ಲೋಕವನ್ನು ಬಿಡಿಸಿ ಇಡುತ್ತಿದ್ದ. ಉಪಾಧ್ಯಾಯನಿಗೆ ಅವನೆಂದರೆ ಜೀವ. ಅದನ್ನು ಒಂದು ದಿನವೂ ಬಾಯಿಬಿಟ್ಟು ಹೇಳಿರಲಿಲ್ಲ. ಮೂರನೆಯ ವರ್ಷ ಮುಗಿಸಿ ಊರಿಗೆ ಹೋದವನು ಮರಳಿ ಬರಲಿಲ್ಲ.

ಉಪಾಧ್ಯಾಯ ಅವನಿಗಾಗಿ ಹಂಬಲಿಸಿದ. ಆ ಮಣೆಯನ್ನು ಯಾರಿಗೂ ತೆಗೆಯಗೊಡಲಿಲ್ಲ. ಪಾಠದ ನಡುವೆ ಕಣ್ಣು ಕಂಬದ ಕಡೆಗೇ ಹೋಗುತ್ತಿತ್ತು. ಊರಿಗೆ ಹೇಳಿ ಕಳಿಸಿದ. ಅಲ್ಲೂ ಅವನಿಲ್ಲ ಎಂದು ಸುದ್ದಿ ಬಂತು. ಏಕೆ ಹೋದ ಎಂಬುದೊಂದು ತಿಳಿದರೆ ಸಾಕು ಎನ್ನಿಸುತ್ತಿತ್ತು. ಇನ್ನೊಬ್ಬ ಹೀಗೆ ಹೋಗಬಾರದೆಂದು ಓಲೆಯ ಪ್ರಶ್ನೆಗಳನ್ನು ಹೆಚ್ಚಿಸಿದ. ಒಂದಿದ್ದದ್ದು ಹತ್ತಾಯಿತು, ಹತ್ತು ಮೂವತ್ತಾಯಿತು. ಮೂವತ್ತಕ್ಕೂ ಉತ್ತರ ಕೊರೆಯುತ್ತ ಕೂರಲು ಯಾವ ಪುಣ್ಯಾತ್ಮನಿಗೆ ಪುರಸೊತ್ತು? ಹೆಚ್ಚಿನ ಹುಡುಗರು ಎಲ್ಲದಕ್ಕೂ 'ಚೆನ್ನಾಗಿದೆ' ಎಂದು ಬರೆದು ಎದ್ದರು. ಅವನ್ನೂ ಉಪಾಧ್ಯಾಯ ಕೆಂಪು ಬಟ್ಟೆಯಲ್ಲಿ ಕಟ್ಟಿದ.

ಹೀಗೆ ಹನ್ನೊಂದು ವರ್ಷ ಕಳೆಯಿತು. ಅಟ್ಟಕ್ಕೆ ಗೆದ್ದಲು ಹಿಡಿಯಿತು. ಗಂಟುಗಳನ್ನು ಬಿಚ್ಚಿ ಬಿಸಿಲಿಗೆ ಹಾಕದೆ ಗತಿಯಿರಲಿಲ್ಲ. ಅಂಗಳದಲ್ಲಿ ಓಲೆಗಳನ್ನು ಹರಡುತ್ತಿದ್ದಾಗ ಪರಿಚಿತ ಅಕ್ಷರವೊಂದು ಕಣ್ಣಿಗೆ ಬಿತ್ತು.

'ನನ್ನ ಬಲಗಿವಿ ಮಂದ, ಎಡಗಿವಿಗೆ ಕಂಬ ಅಡ್ಡ. ಮಣೆಯನ್ನು ಕಂಬದ ಆಚೆಗೆ ಹಾಕಿಕೊಳ್ಳಲು ಅಪ್ಪಣೆ ಬೇಕು.'

ಎರಡನೆಯ ವರ್ಷದ ಓಲೆ ಹುಡುಕಿದ. 'ಹೋದ ವರ್ಷ ಬರೆದದ್ದೇ' ಎಂದಿತ್ತು. ಮೂರನೆಯದರಲ್ಲಿ ಕೋರಿಕೆ ಇರಲಿಲ್ಲ. 'ನಿಮ್ಮ ದನಿ ಕೇಳಬೇಕೆಂದು ಬಹಳ ಆಸೆಯಿತ್ತು' ಎಂದಷ್ಟೇ ಬರೆದಿದ್ದ.

ಉಪಾಧ್ಯಾಯ ಒಳಗೆ ಹೋಗಿ ಮಣೆಯನ್ನು ಕಂಬದ ಆಚೆಗೆ ಸರಿಸಿದ. ಎರಡು ಮೊಳದ ದೂರವೂ ಇರಲಿಲ್ಲ. ಅದರ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಅತ್ತ.

ಗುರುಗಳು ಕಥೆ ಮುಗಿಸಿದರು. ಶಿಷ್ಯ ಕೇಳಿದ: "ಅವನು ಆಮೇಲೆ ಬಂದನೇ?"

"ಇಲ್ಲ. ಆದರೆ ಉಪಾಧ್ಯಾಯ ಉಳಿದ ಓಲೆಗಳನ್ನೂ ಓದಿದ. ಅವುಗಳಲ್ಲಿ ಕೆಲವನ್ನು ಬರೆದವರು ಇನ್ನೂ ಅವನೆದುರಿಗೇ ಪಾಠಕ್ಕೆ ಕೂರುತ್ತಿದ್ದರು."

ಶಿಷ್ಯ ತಲೆದೂಗಿದ. "ನಮ್ಮಲ್ಲಿ ಗೆದ್ದಲಿನ ಭಯವಿಲ್ಲ ಗುರುಗಳೇ. ಆರು ವರ್ಷದ ಉತ್ತರಗಳೂ ಕಬ್ಬಿಣದ ಬೀರುವಿನಲ್ಲಿ ಭದ್ರವಾಗಿವೆ. ಈ ನಲವತ್ತರಲ್ಲಿ ಯಾವುದನ್ನು ಮೊದಲು ಕೇಳಲಿ?"

ಗುರುಗಳು ಹಾಳೆಗಳನ್ನು ಅವನ ಕೈಗೆ ಹಿಂದಿರುಗಿಸಿ ಕೇಳಿದರು: "ಹೋದ ವರ್ಷ ಮಕ್ಕಳು ಏನು ಬರೆದಿದ್ದರು?"